ಲೆಗೋ ಮಿನಿಫಿಗರ್: ಪೊಟ್ಟಣ ಹೋಗಿ ಡಬ್ಬಿ ಬಂದ ಮೇಲೆ

ಲೆಗೋದ ಈ ಪುಟಾಣಿ ಗೊಂಬೆಗಳನ್ನು ಪೊಟ್ಟಣದ ಕಾಲದಿಂದಲೂ ಕೂಡಿಹಾಕುತ್ತಿದ್ದೇನೆ. ಗೊಂಬೆಗೆ ಐದಕ್ಕೆ ಐದು ಸ್ಟಾರ್. ಅದನ್ನು ಹುಡುಕಿ ಕೊಳ್ಳುವ ಮಜಾಕ್ಕೆ ಈಗ ಎರಡೂವರೆ ಸಾಕು.

2010ರ ಮೊದಲ ಸರಣಿಯಲ್ಲಿ 16 ಗೊಂಬೆಗಳಿದ್ದವು, ಒಳಗೆ ಯಾರಿದ್ದಾರೆಂದು ಕಾಣದ ಹೊಳೆಯುವ ಪೊಟ್ಟಣದಲ್ಲಿ. ಮೊದಲೆರಡು ಸರಣಿಗಳಲ್ಲಿ ಹಿಂಬದಿಯ ಬಾರ್‌ಕೋಡ್ ಒಂದೊಂದು ಗೊಂಬೆಗೆ ಒಂದೊಂದು ಥರ ಇತ್ತು. ಅಭಿಮಾನಿಗಳು ಪಟ್ಟಿ ಮಾಡಿ ಹಂಚಿಯೇಬಿಟ್ಟರು. ಆ ದಾರಿ ಮುಚ್ಚಿದ ಮೇಲೆ ಬೆರಳೇ ಗತಿ.

ತಡಕಿ ನೋಡುವುದಕ್ಕೂ ಒಂದು ಕ್ರಮವಿದೆ. ಪ್ರತಿ ಪೊಟ್ಟಣದಲ್ಲೂ ಇರುವ ಚಪ್ಪಟೆ ಪೀಠವನ್ನು ಮೊದಲು ಒಂದು ಮೂಲೆಗೆ ತಳ್ಳಬೇಕು. ಮೈ, ತಲೆ ಬಿಟ್ಟುಬಿಡಿ, ಬಹುಪಾಲು ಎಲ್ಲವೂ ಒಂದೇ ಅಳತೆ. ಗಿಡ್ಡ ಕಾಲು ಸಿಕ್ಕರೆ ಚಿಕ್ಕವರ ಗೊಂಬೆ ಎಂದು ಅನುಮಾನಿಸಬಹುದು. ಉಳಿದ ಗುಟ್ಟೆಲ್ಲ ಕೈಯಲ್ಲಿ ಹಿಡಿಯುವ ವಸ್ತುವಿನಲ್ಲಿ. 2022ರ 22ನೇ ಸರಣಿಯಲ್ಲಿ ವೀಲ್‌ಚೇರ್ ರೇಸರ್‌ನ ಚಕ್ರ, ಕುದುರೆ ಮರಿ ಎರಡೂ ಮುಟ್ಟಿದ ಕೂಡಲೇ ಗೊತ್ತಾಗುತ್ತಿದ್ದವು. ಕೂದಲೋ ಹೆಲ್ಮೆಟ್ಟೋ ಎಂಬಲ್ಲಿ ಮಾತ್ರ ಎಂಥವರಿಗೂ ತಡವರಿಕೆ. (ಅಂಗಡಿಯವರು ಗುರಾಯಿಸುವುದು ಇದರ ಜೊತೆಗೆ ಉಚಿತ.) 2013ರ ಹತ್ತನೇ ಸರಣಿಯಲ್ಲಿ ಬರೀ 5000 ಮಾಡಿದ ಚಿನ್ನದ ಬಣ್ಣದ ಮಿಸ್ಟರ್ ಗೋಲ್ಡ್‌ಗಾಗಿ ಜಗತ್ತಿನಾದ್ಯಂತ ಜನ ಹೀಗೇ ಪೊಟ್ಟಣ ಹಿಸುಕಿದರು.

2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ಎರಡನೇ ಸರಣಿಯೊಂದಿಗೆ ರಟ್ಟಿನ ಡಬ್ಬಿ ಬಂತು. ಪ್ಲಾಸ್ಟಿಕ್ ಕಡಿಮೆಯಾಯಿತು, ಅದಕ್ಕೆ ತಕರಾರಿಲ್ಲ. ಆದರೆ ರಟ್ಟನ್ನು ಹಿಸುಕಿ ಏನು ತಿಳಿಯುತ್ತದೆ? ಕೆಲವರು ತಕ್ಕಡಿ ತಂದರು. ಅಷ್ಟರಲ್ಲೇ ಡಬ್ಬಿಯ ಮೇಲಿನ ಪುಟ್ಟ ಚೌಕದ ಕೋಡ್‌ನಿಂದ ಒಳಗಿನ ಗೊಂಬೆ ಹೇಳುವ ಆಪ್‌ಗಳನ್ನು ಅಭಿಮಾನಿಗಳು ಮಾಡಿದರು. ಡೂಪ್ಲಿಕೇಟ್ ಬರುವುದಿಲ್ಲ, ದುಡ್ಡು ಉಳಿಯುತ್ತದೆ, ನಾನೂ ಬಳಸುತ್ತೇನೆ. ಖುಷಿ ಮಾತ್ರ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕವನ ಖುಷಿ.

ನನಗೆ ಹಿಡಿಸದ್ದು ಬೇರೆಯೇ. ಬೆರಳಿನಿಂದ ಹುಡುಕುವವನಿಗೆ ಹೊತ್ತು ಹಿಡಿಯುತ್ತಿತ್ತು, ತಪ್ಪೂ ಆಗುತ್ತಿತ್ತು, ಹಾಗಾಗಿ ಬೇರೆಯವರಿಗೂ ಒಳ್ಳೆಯದು ಉಳಿಯುತ್ತಿತ್ತು. ಫೋನ್ ಹಿಡಿದವನು ಕೆಲವೇ ನಿಮಿಷದಲ್ಲಿ ಇಡೀ ಕಪಾಟು ಜಾಲಾಡಿ, 25ನೇ ಸರಣಿಯ ಆಡು ಕಾಯುವವಳಂಥ ಬೇಡಿಕೆಯವರನ್ನೆಲ್ಲ ಎತ್ತಿಕೊಂಡು ಹೋಗಬಹುದು. ಸಂಜೆ ಅಪ್ಪನ ಕೈಹಿಡಿದು ಬರುವ ಮಗುವಿಗೆ ಮಿಕ್ಕವರೇ. ಅದೃಷ್ಟದಾಟ ಈಗ ಆಪ್ ಗೊತ್ತಿಲ್ಲದವರಿಗೆ ಮಾತ್ರ.

ಪೂರ್ತಿ ಸೆಟ್ ಬೇಕಿದ್ದರೆ ಮೂವರು ಸೇರಿ 36 ಡಬ್ಬಿಯ ಸೀಲ್ಡ್ ಕೇಸ್ (ಒಡೆಯದ ದೊಡ್ಡ ಪೆಟ್ಟಿಗೆ) ತರಿಸಿ. 25ನೇ ಸರಣಿಯಲ್ಲಿ 12 ಗೊಂಬೆ, ಅಂದರೆ ತಲೆಗೊಂದು ಸೆಟ್. ಸೆಕೆಂಡ್ ಹ್ಯಾಂಡ್ ಆದರೆ ಮೈಮೇಲಿನ ಚಿತ್ರವನ್ನು ಲೆಗೋ ಕೊಳ್ಳುವ-ಮಾರುವ ಜಾಲತಾಣ ಬ್ರಿಕ್‌ಲಿಂಕ್‌ನ ಕ್ಯಾಟಲಾಗ್‌ಗೆ ಹೋಲಿಸಿ ನೋಡಿ, ಆಮೇಲೆ ಸಾಮಾನು ಎಣಿಸಿ. ಮೊದಲ ಸರಣಿಯ ಜಾಂಬಿಗೆ ಸಲಿಕೆಯೂ ಇರಬೇಕು, ಕೋಳಿಯ ಕಾಲೂ ಇರಬೇಕು. ಒಂದು ಕಮ್ಮಿಯಿದ್ದರೂ ಚೌಕಾಸಿ ಮಾಡಿ.