ನಡುವಯಸ್ಸಿನಲ್ಲಿ ಮತ್ತೆ ವಿಂಡ್‌ಸರ್ಫಿಂಗ್: ಹಳೆಯ ಮಿಸ್ಟ್ರಲ್ ಒನ್ ಡಿಸೈನ್ ಬೋರ್ಡಿನ ದೀರ್ಘಕಾಲದ ಬಳಕೆ

ಕಾಲೇಜಿನ ದಿನಗಳಲ್ಲಿ ಕಲಿತು, ಉದ್ಯೋಗ ಮತ್ತು ಸಂಸಾರದ ಹೊಣೆಗಳ ನಡುವೆ ಬಿಟ್ಟುಹೋಗಿದ್ದ ವಿಂಡ್‌ಸರ್ಫಿಂಗ್‌ಗೆ (ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನಲ್ಲಿ ಸಾಗುವ ಆಟಕ್ಕೆ) ಐವತ್ತರ ಹೊಸ್ತಿಲಲ್ಲಿ ಮರಳಿದಾಗ ನಾನು ಕೊಂಡದ್ದು ಇನ್ನೊಬ್ಬರು ಬಳಸಿ ಮಾರಿದ ಮಿಸ್ಟ್ರಲ್ ಒನ್ ಡಿಸೈನ್ ಬೋರ್ಡ್. 1996, 2000 ಮತ್ತು 2004ರ ಒಲಿಂಪಿಕ್ಸ್‌ನಲ್ಲಿ ಪುರುಷರೂ ಮಹಿಳೆಯರೂ ಸ್ಪರ್ಧಿಸಿದ್ದು ಇದೇ ಮಾದರಿಯಲ್ಲಿ. ಲೀ ಲೈ-ಶಾನ್ 1996ರಲ್ಲಿ ಹಾಂಗ್‌ಕಾಂಗ್‌ಗೆ ಮೊತ್ತಮೊದಲ ಒಲಿಂಪಿಕ್ ಚಿನ್ನ ಗೆದ್ದುಕೊಟ್ಟದ್ದೂ ಇದರಲ್ಲಿಯೇ. 2008ರಲ್ಲಿ ಒಲಿಂಪಿಕ್ಸ್ ಬೇರೆ ಮಾದರಿಗೆ ಹೊರಳಿತು, ಈ ಬೋರ್ಡುಗಳು ಹಳೆಯವು ಎನಿಸಿಕೊಂಡವು. ಹಲವು ವರ್ಷ ಬಳಸಿದ ಮೇಲೆ ನನಗೆ ದೃಢವಾಗಿ ಅನಿಸಿರುವುದೆಂದರೆ, ಮರಳಿ ಬರುವ ನಡುವಯಸ್ಕರು ಇಂಥ ಉದ್ದನೆಯ ಬೋರ್ಡನ್ನು ಕೇವಲ ಅಗ್ಗವೆಂಬ ಕಾರಣಕ್ಕೆ ಕೊಳ್ಳಬೇಕಾಗಿಲ್ಲ. ನಮ್ಮ ವಯಸ್ಸಿಗೂ ನಮಗೆ ಸಿಗುವ ಬಿಡುವಿಗೂ ಹೊಂದುವುದು ಇದೇ.

ಕಾರಣ ಗಾಳಿಯಲ್ಲಿದೆ. ಇಂದಿನ ಗಿಡ್ಡನೆಯ, ಅಗಲವಾದ ಬೋರ್ಡುಗಳ ನಿಜವಾದ ಸೊಗಸು ಕಾಣುವುದು ಅವು ನೀರನ್ನು ಸೀಳುವುದನ್ನು ಬಿಟ್ಟು ಅದರ ಮೇಲ್ಮೈಯಲ್ಲಿ ಜಾರತೊಡಗಿದಾಗ. ಸಾಮಾನ್ಯ ಮೈಕಟ್ಟಿನವರಿಗೆ 7.5 ಚದರ ಮೀಟರಿನಷ್ಟು ದೊಡ್ಡ ಹಾಯಿ ಇದ್ದರೂ ಅದಕ್ಕೆ ಸುಮಾರು 12 ನಾಟ್ (ಗಂಟೆಗೆ ಸುಮಾರು 22 ಕಿಲೋಮೀಟರ್) ಗಾಳಿ ಬೇಕು. ಹಾಯಿಯ ಮೇಲಿನ ಬಲವು ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 10 ನಾಟ್‌ಗೂ 14 ನಾಟ್‌ಗೂ ನಡುವೆ ಸಿಗುವ ಬಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೀಗಾಗಿ ಗಾಳಿ ಸ್ವಲ್ಪ ಇಳಿದರೂ ಗಿಡ್ಡ ಬೋರ್ಡು ನೀರನ್ನು ತಳ್ಳುತ್ತ ತೆವಳತೊಡಗುತ್ತದೆ. 372 ಸೆಂಟಿಮೀಟರ್ ಉದ್ದದ ಈ ಬೋರ್ಡು ಮಾತ್ರ 7 ಅಥವಾ 8 ನಾಟ್ ಗಾಳಿಯಲ್ಲಿಯೂ ದೋಣಿಯಂತೆ ನೆಟ್ಟಗೆ ಸಾಗುತ್ತದೆ. ಬಿಡುವಿನ ದಿನ ಮೊದಲೇ ನಿಗದಿಯಾಗಿ, ಗಾಳಿ ತನ್ನಿಷ್ಟದಂತೆ ಬೀಸುವಾಗ ಈ ಗುಣವೇ ದಿನವನ್ನು ಉಳಿಸುತ್ತದೆ.

ಬೋರ್ಡಿನ ನಡುವಿನ ಸೀಳಿನಿಂದ ಕೆಳಗಿಳಿಸುವ ಹಲಗೆಯಾದ ಡ್ಯಾಗರ್‌ಬೋರ್ಡಿನ ಉಪಕಾರವನ್ನು ಎಷ್ಟು ಹೇಳಿದರೂ ಕಡಿಮೆಯೇ. ಅದನ್ನು ನೀರಿಗೆ ಇಳಿಸಿದರೆ ಬೋರ್ಡು ಅಡ್ಡಕ್ಕೆ ಜಾರದೆ ಗಾಳಿಗೆ ಎದುರಾಗಿ ಓರೆಯಲ್ಲಿ ಏರುತ್ತದೆ, ಹೊರಟ ಜಾಗಕ್ಕೇ ಹಿಂತಿರುಗಬಹುದು. ಮೊದಲ ಋತುವಿನಲ್ಲಿ ದಣಿವು ಬೇಗ ಕವಿಯುವಾಗ, ದೂರದ ದಡದಿಂದ ಎಲ್ಲವನ್ನೂ ಹೊತ್ತು ನಡೆದು ಬರಬೇಕಾಗಿಲ್ಲ ಎಂಬ ಧೈರ್ಯ ಸಣ್ಣದಲ್ಲ. ಆದರೆ 63.5 ಸೆಂಟಿಮೀಟರ್ ಅಗಲ ಕಡಿಮೆಯೆಂಬುದನ್ನು ಹೇಳಲೇಬೇಕು. ಉದ್ದದ ದಿಕ್ಕಿನಲ್ಲಿ ಸ್ಥಿರವಾಗಿರುವ ಬೋರ್ಡು ಪಕ್ಕಕ್ಕೆ ಹೊರಳುತ್ತದೆ. ಕಣಕಾಲು ಮತ್ತು ಮೊಣಕಾಲುಗಳು ಇದಕ್ಕೆ ಹೊಂದಿಕೊಳ್ಳಲು ಸಮಯ ಕೇಳುತ್ತವೆ. ಎಂದೂ ಕಲಿಯದವರಿಗೆ 80 ಸೆಂಟಿಮೀಟರಿಗಿಂತ ಅಗಲವಾದ ಕಲಿಕೆಯ ಬೋರ್ಡೇ ಒಳ್ಳೆಯದು.

ಮರಳಿ ಬಂದವರ ದೇಹಕ್ಕೆ ನಿಜವಾದ ಪರೀಕ್ಷೆ ನೀರಿಗೆ ಬಿದ್ದ ಹಾಯಿಯನ್ನು ಹಗ್ಗದಿಂದ ಎತ್ತುವುದು. ಮಾಸ್ಟ್, ಅಂದರೆ ಹಾಯಿಕಂಬ, ತೂರಿಸುವ ಅಂಚಿನ ಚೀಲದೊಳಗೆ ನೀರು ತುಂಬಿದ ಹಾಯಿ ತನ್ನ ತೂಕಕ್ಕಿಂತ ಬಹಳ ಭಾರವಾಗಿರುತ್ತದೆ. ಬೆನ್ನನ್ನು ನೆಟ್ಟಗಿಟ್ಟು, ಮೊಣಕಾಲು ಬಾಗಿಸಿ, ಕೈಗಳನ್ನು ಚಾಚಿ, ದೇಹದ ಭಾರವನ್ನೇ ಹಿಂದಕ್ಕೆ ಬಿಟ್ಟು, ನೀರು ಸೋರಿಹೋಗುವಷ್ಟು ಹೊತ್ತು ಕಾದು ಆಮೇಲೆ ಎಳೆದರೆ ಸೊಂಟಕ್ಕೆ ಪೆಟ್ಟಾಗುವುದಿಲ್ಲ. ಇದೇ ಕಾರಣಕ್ಕೆ, ಸ್ಪರ್ಧೆಗೆ ನಿಗದಿಯಾಗಿದ್ದ 7.4 ಚದರ ಮೀಟರಿನ ಹಾಯಿಯ ಬದಲು ನಾನು 6.5 ಚದರ ಮೀಟರಿನದನ್ನು ಕಟ್ಟುತ್ತೇನೆ. ಹಾಯಿಯ ಎಳೆತವನ್ನು ಕೊಕ್ಕೆಯ ಮೂಲಕ ದೇಹಕ್ಕೆ ಹೊರಿಸುವ ಪಟ್ಟಿಯಾದ ಹಾರ್ನೆಸ್ ಬಗ್ಗೆಯೂ ಇಷ್ಟೇ ಖಚಿತವಾಗಿ ಹೇಳಬಲ್ಲೆ: ಸೊಂಟದ ಹಾರ್ನೆಸ್‌ಗಿಂತ ಕೂರುವ ಮಾದರಿಯದರಲ್ಲಿ ಕೊಕ್ಕೆ ಕೆಳಗಿರುವುದರಿಂದ ಎಳೆತ ತೊಡೆ ಮತ್ತು ಪೃಷ್ಠಕ್ಕೆ ಹಂಚಿಹೋಗಿ ಬೆನ್ನಿನ ಕೆಳಭಾಗ ಹಗುರವಾಗುತ್ತದೆ.

ಹಳೆಯ ಬೋರ್ಡು ಕೊಳ್ಳುವಾಗ ಕಾಲಿಡುವ ಜಾಗವನ್ನೆಲ್ಲ ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗಿದ್ದರೆ ಹೊರಪದರವು ಒಳಗಿನ ಫೋಮಿನಿಂದ ಬಿಟ್ಟಿದೆ ಎಂದರ್ಥ. ತೂಗಿ ನೋಡುವುದೂ ಅಗತ್ಯ, ಏಕೆಂದರೆ ನೀರು ಕುಡಿದ ಫೋಮ್ ಸುಲಭಕ್ಕೆ ಒಣಗುವುದಿಲ್ಲ. ಗಾಳಿಕಿಂಡಿಯ ತಿರುಪಿನ ರಬ್ಬರ್ ಉಂಗುರ ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಬೇಕು. ನೀರಿಗಿಳಿಯುವ ಮುನ್ನ ತಿರುಪನ್ನು ಬಿಗಿಯಬೇಕು, ಬಿಸಿಲಿನಲ್ಲಿ ಸಾಗಿಸುವಾಗ ಸಡಿಲಿಸಬೇಕು, ಇಲ್ಲವಾದರೆ ಒಳಗಿನ ಗಾಳಿ ಹಿಗ್ಗಿ ಹೊರಪದರವನ್ನೇ ಎಬ್ಬಿಸಬಹುದು. ನನ್ನ ಬೋರ್ಡು ಈ ಎಲ್ಲದರಲ್ಲೂ ತೇರ್ಗಡೆಯಾಗಿತ್ತು, ಈಗಲೂ ಗಟ್ಟಿಯಾಗಿದೆ. ಡ್ಯಾಗರ್‌ಬೋರ್ಡಿನ ಸೀಳಿನಲ್ಲಿ ಮರಳು ಸೇರಿ ಅದು ಆಗಾಗ ಬಿಗಿಯುತ್ತದೆ, ತೊಳೆದರೆ ಸಾಕು.

ಹಳೆಯದು ಸಾಲದು ಎನ್ನಬೇಕಾದದ್ದು ಮಾಸ್ಟನ್ನು ಬೋರ್ಡಿಗೆ ಸೇರಿಸುವ ರಬ್ಬರ್ ಕೀಲಿನ ವಿಷಯದಲ್ಲಿ. ಅದು ಬಾಗಿಸಿದಾಗ ಸಣ್ಣ ಬಿರುಕು ಕಂಡರೂ ಬದಲಿಸಬೇಕು. ದಡದಿಂದ ದೂರದಲ್ಲಿ ಅದು ತುಂಡಾದರೆ ಹಾಯಿ ಬೇರೆ, ಬೋರ್ಡು ಬೇರೆ ಆಗುತ್ತದೆ. ಕೀಲಿನ ಪಕ್ಕದಲ್ಲಿ ಸುರಕ್ಷತೆಯ ಹಗ್ಗ ಇರುವುದನ್ನೇ ಕೊಳ್ಳಿ, ಎಲ್ಲ ಹಗ್ಗಗಳನ್ನೂ ಹೊಸದಾಗಿ ಹಾಕಿ. ಮಾಸ್ಟಿನ ಮಾತು ಬೇರೆ: ಅದು ಹಳೆಯದಾದರೂ ಅಡ್ಡಿಯಿಲ್ಲ, ಹಾಯಿಗೆ ಒಪ್ಪಬೇಕು ಅಷ್ಟೆ. ಹಾಯಿಯ ಮೇಲೆ ಮುದ್ರಿಸಿರುವ ಉದ್ದ ಮತ್ತು ಬಿಗುಪಿನ ಅಂಕಿಗೆ ಹೊಂದುವ ಮಾಸ್ಟ್ (ನನ್ನದಕ್ಕೆ ಉದ್ದ 430 ಸೆಂಟಿಮೀಟರ್, ಬಿಗುಪಿನ ಅಳತೆ ಐಎಂಸಿಎಸ್ 21) ಹಾಕಿದರೆ ಸಾಧಾರಣ ಹಾಯಿಯೂ ಸೊಗಸಾಗಿ ನಿಲ್ಲುತ್ತದೆ. ಹೊಂದದಿದ್ದರೆ ಹೊಸ ಹಾಯಿಯೂ ಸುಕ್ಕುಗಟ್ಟುತ್ತದೆ.

ಇಷ್ಟು ವರ್ಷಗಳಲ್ಲಿ ನಿಜವಾಗಿ ಸವೆದುಹೋದದ್ದು ಹಾಯಿ. ಹಾಯಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ (ಮಾನೊಫಿಲ್ಮ್) ಬಿಸಿಲಿಗೆ ಪೆಡಸಾಗಿ, ಮಡಿಕೆಯ ಗೆರೆಗಳಲ್ಲಿ ಸೀಳತೊಡಗಿತು. ಅಂಟುಪಟ್ಟಿಯಿಂದ ಒಂದು ಋತು ಹೆಚ್ಚು ಬಾಳಿಸಬಹುದು, ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬಾರದು. ಈಗಿನ ಹಾಯಿಯನ್ನು ಬಳಸಿದೊಡನೆ ಸಿಹಿನೀರಿನಿಂದ ತೊಳೆದು, ನೆರಳಿನಲ್ಲಿ ಒಣಗಿಸಿ, ಮಡಿಸದೆ ಸುರುಳಿ ಸುತ್ತಿ ಇಡುತ್ತೇನೆ.

ಗಾಳಿ 15 ನಾಟ್ ದಾಟಿದ ದಿನಗಳಲ್ಲಿ ಡ್ಯಾಗರ್‌ಬೋರ್ಡನ್ನು ಪೂರ್ತಿ ಮೇಲೆತ್ತಿ, ಮಾಸ್ಟ್ ಬುಡವನ್ನು ಅದರ ಹಳಿಯಲ್ಲಿ ಹಿಂದಕ್ಕೆ ಸರಿಸಿದರೆ ಇದೂ ನೀರ ಮೇಲೆ ಜಾರುತ್ತದೆ. ಆದರೆ ಅಷ್ಟು ಉದ್ದದ ಬೋರ್ಡನ್ನು ಅಲೆಗಳ ನಡುವೆ ತಿರುಗಿಸುವ ಶ್ರಮ ನನಗೆ ಹೆಚ್ಚೆನಿಸತೊಡಗಿದೆ. ಅಂಥ ದಿನಗಳಿಗಾಗಿ 130 ಲೀಟರ್ ಗಾತ್ರದ ಆಸುಪಾಸಿನ ಇನ್ನೊಂದು ಹಳೆಯ ಬೋರ್ಡನ್ನು ಹುಡುಕುತ್ತಿದ್ದೇನೆ. ಹಾಯಿ, ಮಾಸ್ಟ್, ಬೂಮ್ (ಕೈಯಲ್ಲಿ ಹಿಡಿಯುವ ಅಡ್ಡಕೋಲು) ಇವೇ ಸಾಕಾಗುತ್ತವೆ.