27 ಇಂಚಿನ 2560×1440 ಮಾನಿಟರ್: ಕನ್ನಡ ಡಿಟಿಪಿ ಕೆಲಸಕ್ಕೆ ಹೇಗಿದೆ?

ಹಾಸನದಲ್ಲಿ ನಮ್ಮದು ಚಿಕ್ಕ ಡಿಟಿಪಿ ಅಂಗಡಿ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರ್‌ನಲ್ಲಿ ಜೋಡಿಸುವ ಕೆಲಸ. ಲಗ್ನಪತ್ರಿಕೆ, ಸಂಘಗಳ ವಾರ್ಷಿಕ ವರದಿ, ಕವನ ಸಂಕಲನ, ಹಾಸನಾಂಬ ದರ್ಶನದ ದಿನಗಳಲ್ಲಿ ಕರಪತ್ರ. ದಿನವಿಡೀ ಕನ್ನಡ ಅಕ್ಷರ ನೋಡುವುದೇ ಕೆಲಸ. ಈ ಮಾನಿಟರ್ ತಂದು ಕೆಲವು ವರ್ಷಗಳಾದವು. ಗೇಮ್ ಆಡುವವರಿಗೆ ಬೇಕಾದ ವಿಷಯ ಇಲ್ಲಿಲ್ಲ. ಅಕ್ಷರ ಹೇಗೆ ಕಾಣುತ್ತದೆ ಅನ್ನುವುದಷ್ಟೇ ಬರೆಯುತ್ತೇನೆ. ಕಂಪನಿ ಯಾವುದಾದರೂ ಸರಿ, ಗಾತ್ರ ಮತ್ತು ರೆಸಲ್ಯೂಷನ್ (ಪರದೆಯ ಅಗಲಕ್ಕೆ, ಎತ್ತರಕ್ಕೆ ಎಷ್ಟೆಷ್ಟು ಪಿಕ್ಸೆಲ್, ಅಂದರೆ ಚುಕ್ಕಿ, ಇವೆ ಅನ್ನುವುದು) ಎರಡನ್ನೂ ಜೊತೆಗಿಟ್ಟು ನೋಡಬೇಕು.

ಮೊದಲಿದ್ದದ್ದು 24 ಇಂಚಿನ 1920×1080, ಅಂದರೆ ಫುಲ್ ಎಚ್‌ಡಿ. ಅದು ಈಗಲೂ ಪಕ್ಕದ ಟೇಬಲ್ ಮೇಲಿದೆ, ಚೆನ್ನಾಗಿಯೇ ಇದೆ. ದೊಡ್ಡದು ಬೇಕು ಅಂದಾಗ ಅಂಗಡಿಗಳಲ್ಲಿ ಮೊದಲು ತೋರಿಸುವುದು 27 ಇಂಚಿನ ಫುಲ್ ಎಚ್‌ಡಿ. ಬೆಲೆ ಕಡಿಮೆ, ನೋಡೋಕೂ ಭರ್ಜರಿ. ಆದರೆ ಲೆಕ್ಕ ಹಾಕಿ. 24 ಇಂಚಿನಲ್ಲಿ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್ ಇರುತ್ತವೆ. ಅಷ್ಟೇ ಪಿಕ್ಸೆಲ್‌ಗಳನ್ನು 27 ಇಂಚಿಗೆ ಹರಡಿದರೆ ಇಂಚಿಗೆ ಉಳಿಯುವುದು 82. ದುಡ್ಡು ಕೊಟ್ಟು ದೊಡ್ಡ ಪರದೆ ತಂದರೂ ಅಕ್ಷರ ಇನ್ನೂ ಒರಟಾಗುತ್ತದೆ. ಅದೇ 27 ಇಂಚಿಗೆ 2560×1440 ಇದ್ದರೆ ಇಂಚಿಗೆ 109 ಸಿಗುತ್ತದೆ.

ಈ ವ್ಯತ್ಯಾಸ ಇಂಗ್ಲಿಷ್‌ಗಿಂತ ಕನ್ನಡದಲ್ಲಿ ಜಾಸ್ತಿ ಗೊತ್ತಾಗುತ್ತದೆ. ದ–ಧ, ಬ–ಭ, ಪ–ಫ ನೋಡಿ. ಇವುಗಳನ್ನು ಬೇರೆ ಮಾಡುವುದು ಕೆಳಗಿನ ಒಂದು ಸಣ್ಣ ಸೀಳು, ಅಷ್ಟೇ. 10 ಪಾಯಿಂಟ್ (72 ಪಾಯಿಂಟ್ ಅಂದರೆ ಒಂದು ಇಂಚು) ಅಕ್ಷರವನ್ನು ಕಾಗದದ ನಿಜ ಅಳತೆಯಲ್ಲಿ ಪರದೆ ಮೇಲೆ ಇಟ್ಟರೆ, ಇಂಚಿಗೆ 82 ಪಿಕ್ಸೆಲ್ ಇರುವ ಕಡೆ ಇಡೀ ಸಾಲಿನ ಎತ್ತರಕ್ಕೆ ಸಿಗುವುದು 11 ಪಿಕ್ಸೆಲ್. ತಲೆಕಟ್ಟು, ಅಕ್ಷರದ ಮೈ, ಕೆಳಗಿನ ಒತ್ತು ಎಲ್ಲ ಅಷ್ಟರಲ್ಲೇ ಹಿಡಿಯಬೇಕು. ‘ರಾಷ್ಟ್ರ’ದ ಎರಡು ಒತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೀಳು ತುಂಬಿಹೋಗುತ್ತದೆ. 109 ಇರುವ ಕಡೆ ಅದೇ ಸಾಲಿಗೆ 15 ಪಿಕ್ಸೆಲ್ ಸಿಗುತ್ತವೆ, ಸೀಳು ಸೀಳಾಗಿಯೇ ಕಾಣುತ್ತದೆ. ಲಗ್ನಪತ್ರಿಕೆಯಲ್ಲಿ ಧನಲಕ್ಷ್ಮಿ ಹೋಗಿ ದನಲಕ್ಷ್ಮಿ ಅಂತ ಅಚ್ಚಾದರೆ ಆ ಮನೆಯವರಿಗೆ ಎಷ್ಟು ನೋವಾಗುತ್ತದೆ ಅಲ್ವಾ? ನನಗೆ ಈ ಮಾನಿಟರ್ ಇಷ್ಟವಾಗಲು ಇದೊಂದೇ ಕಾರಣ ಸಾಕು.

ಇನ್ನೊಂದು ವಿಷಯ ಎಲ್ಲರಿಗೂ ಹೇಳಲೇಬೇಕು. ನಮ್ಮಲ್ಲಿಗೆ ಪ್ರೂಫ್ ನೋಡಲು ಬರುವ ಹಿರಿಯರು ‘ಅಕ್ಷರ ಸ್ವಲ್ಪ ದೊಡ್ಡದು ಮಾಡಿ’ ಅನ್ನುತ್ತಾರೆ. ತುಂಬಾ ಕಡೆ ಇದಕ್ಕೆ ರೆಸಲ್ಯೂಷನ್ ಅನ್ನೇ ಇಳಿಸಿಬಿಡುತ್ತಾರೆ. ಹಳೇ ಡಬ್ಬಾ ಮಾನಿಟರ್‌ನಲ್ಲಿ ಅದು ನಡೆಯುತ್ತಿತ್ತು, ಏಕೆಂದರೆ ಅದರೊಳಗೆ ಇಷ್ಟೇ ಚುಕ್ಕಿ ಅಂತ ನಿಗದಿಯಾಗಿರಲಿಲ್ಲ. ಎಲ್‌ಸಿಡಿಯಲ್ಲಿ ಹಾಗಲ್ಲ. ಗಾಜಿನ ಹಿಂದೆ ಎಷ್ಟು ಕೋಶ ಇವೆಯೋ ಅಷ್ಟೇ. 1920 ಕೋಶಗಳ ಸಾಲಿಗೆ 1600ರ ಚಿತ್ರ ಕಳಿಸಿದರೆ ಒಂದೊಂದು ಚುಕ್ಕಿಯೂ 1.2 ಕೋಶಕ್ಕೆ ಹರಡಬೇಕು. ಕೋಶವನ್ನು ಕತ್ತರಿಸಲು ಆಗುವುದಿಲ್ಲ, ಹಾಗಾಗಿ ಅಂಚಿನ ಬಣ್ಣ ಪಕ್ಕದ್ದಕ್ಕೆ ಸ್ವಲ್ಪ ಸ್ವಲ್ಪ ಸೋರುತ್ತದೆ. ಅಕ್ಷರ ದೊಡ್ಡದಾಗುತ್ತದೆ, ಆದರೆ ಮಸುಕಾಗುತ್ತದೆ. ಆಮೇಲೆ ಕಣ್ಣು ಉರಿ, ತಲೆನೋವು.

ವಿಂಡೋಸ್‌ನಲ್ಲಿ ‘ರೆಕಮೆಂಡೆಡ್’ ಅಂತ ಬರೆದಿರುವ ರೆಸಲ್ಯೂಷನ್ ಸಾಮಾನ್ಯವಾಗಿ ಪ್ಯಾನೆಲ್‌ನ ಸ್ವಂತ ಅಳತೆಯೇ. ಅದನ್ನು ಮುಟ್ಟಬೇಡಿ. ಅದೇ ಪುಟದಲ್ಲಿ ‘ಸ್ಕೇಲ್’ ಇದೆ, ಅದನ್ನು 125 ಮಾಡಿ. ಅಕ್ಷರ ದೊಡ್ಡದಾಗುತ್ತದೆ, ಹೊಸ ತಂತ್ರಾಂಶಗಳಲ್ಲಿ ಅಂಚೂ ಚೂಪಾಗಿರುತ್ತದೆ.

ಹಾಗಾದರೆ 4ಕೆ (3840×2160) ಯಾಕೆ ಬೇಡ? ಬೇಡ ಅಂತಲ್ಲ. 27 ಇಂಚಿನ 4ಕೆಯಲ್ಲಿ ಇಂಚಿಗೆ 163 ಪಿಕ್ಸೆಲ್, ಅಕ್ಷರ ಅಚ್ಚಿನ ಹಾಗೇ ಕಾಣುತ್ತದೆ. ಆದರೆ ಸ್ಕೇಲ್ 150 ಇಡದೆ ಅಲ್ಲಿ ಓದೋಕಾಗಲ್ಲ. ನಮ್ಮ ಕಸುಬಿನಲ್ಲಿ ಪುಟ ಜೋಡಿಸಲು ಈಗಲೂ ಪೇಜ್‌ಮೇಕರ್ 7 ಬೇಕೇ ಬೇಕು, ಹಳೇ ನುಡಿ, ಬರಹ ಫಾಂಟ್‌ಗಳ ಫೈಲ್‌ಗಳು ರಾಶಿ ಬಿದ್ದಿವೆ. ಪೇಜ್‌ಮೇಕರ್ 7 2001ರ ತಂತ್ರಾಂಶ, ಸ್ಕೇಲ್ ಅನ್ನುವುದು ಅದಕ್ಕೆ ಗೊತ್ತಿಲ್ಲ. ವಿಂಡೋಸ್ ಅದನ್ನು ಹಿಗ್ಗಿಸಿ ತೋರಿಸುತ್ತದೆ, ಮತ್ತೆ ಅದೇ ಮಸುಕು. 2560×1440 ಆದರೆ ಸ್ಕೇಲ್ 100ರಲ್ಲೇ ಕೆಲಸ ಮಾಡಬಹುದು, ಪೇಜ್‌ಮೇಕರ್‌ನಲ್ಲಿ ಎರಡು ಪುಟ ಅಕ್ಕಪಕ್ಕ ಇಟ್ಟು ಓದಬಹುದು. ಬರೀ ಹೊಸ ತಂತ್ರಾಂಶ, ಯೂನಿಕೋಡ್ ಬಳಸುವವರು ಧೈರ್ಯವಾಗಿ 4ಕೆ ತೆಗೆದುಕೊಳ್ಳಿ.

ಕೊರತೆಯೂ ಇದೆ. ಸ್ಕೇಲ್ 100ರಲ್ಲಿ ಮೆನು ಅಕ್ಷರಗಳು 24 ಇಂಚಿನ ಫುಲ್ ಎಚ್‌ಡಿಗಿಂತ ಸುಮಾರು ಶೇ 15ರಷ್ಟು ಚಿಕ್ಕವು. ನಲವತ್ತು ದಾಟಿದವರಿಗೆ ಮೊದಲ ಕೆಲವು ದಿನ ಕಷ್ಟ. ನಾನು ಮಾನಿಟರ್ ಅನ್ನು ಸ್ವಲ್ಪ ಹತ್ತಿರ ಎಳೆದುಕೊಂಡೆ, ಸರಿಹೋಯಿತು.

ಕೊಳ್ಳುವ ಮೊದಲು ನಿಮ್ಮ ಕಂಪ್ಯೂಟರ್‌ನ ಹಿಂಭಾಗ ನೋಡಿ, ಮಾನಿಟರ್ ಕೇಬಲ್ ಚುಚ್ಚುವ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎಂಬ ಕಿಂಡಿಗಳು ಅಲ್ಲಿರುತ್ತವೆ. ಹಳೇ ಕಂಪ್ಯೂಟರ್‌ಗಳಲ್ಲಿ ಕೆಲವದರ ಎಚ್‌ಡಿಎಂಐ ಪೋರ್ಟ್ 1920×1200ಕ್ಕೇ ನಿಂತುಬಿಡುತ್ತದೆ, ಡಿಸ್‌ಪ್ಲೇಪೋರ್ಟ್ ಇದ್ದರೆ ಅದನ್ನೇ ಬಳಸಿ. 4ಕೆ ತರುವವರಿಗೆ ಎಚ್‌ಡಿಎಂಐ 1.4 ಸಾಲದು, ಅದರಲ್ಲಿ ಸೆಕೆಂಡಿಗೆ 30 ಫ್ರೇಮ್ ಮಾತ್ರ ಬರುತ್ತದೆ, ಮೌಸ್ ಎಳೆದಾಗ ತಡವರಿಸುತ್ತದೆ. 60 ಬೇಕಾದರೆ 2.0 ಇರಬೇಕು. ಅಂಗಡಿಯಲ್ಲಿ ಹಾಕಿ ತೋರಿಸುವ ಹೂವು, ಜಲಪಾತದ ವಿಡಿಯೋ ನೋಡಿ ಒಪ್ಪಬೇಡಿ. ನೋಟ್‌ಪ್ಯಾಡ್ ತೆರೆಸಿ ‘ಭಾರ್ಗವ, ಫಲಾಹಾರ, ಧಾರ್ಮಿಕ, ರಾಷ್ಟ್ರ’ ಅಂತ ಸಣ್ಣ ಅಕ್ಷರದಲ್ಲಿ ಟೈಪ್ ಮಾಡಿಸಿ, ನೀವು ಕೂರುವಷ್ಟು ದೂರದಿಂದಲೇ ಓದಿ ನೋಡಿ.