ಸಿದ್ಧ ಪ್ರಾಜೆಕ್ಟ್ ಕಿಟ್ ಕೊಳ್ಳುವವರೇ, ಹೀಟ್ ಸಿಂಕಿನ ಹಿಂದೆ ಏನಿದೆ ನೋಡಿ

ಅಂತಿಮ ವರ್ಷದ ಡಿಸೈನ್ ಕೋರ್ಸಿಗೆ ಹೊರಗಿನವರಿಂದ ಪ್ರಾಜೆಕ್ಟ್ ಮಾಡಿಸಿಕೊಳ್ಳುವ ಯೋಚನೆಯಲ್ಲಿರುವ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಮತ್ತು ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳು ಮುಂಗಡ ಕೊಡುವ ಮೊದಲು ದಯವಿಟ್ಟು ಇದನ್ನು ಓದಬೇಕು. ನಾವು ನಾಲ್ವರು ಮೋಸ ಹೋಗಿದ್ದೇವೆ. ಹೋದದ್ದು ಹಣ ಮಾತ್ರವಾಗಿದ್ದರೆ ಸುಮ್ಮನಿದ್ದುಬಿಡುತ್ತಿದ್ದೆನೇನೋ; ಆದರೆ ಪರೀಕ್ಷಕರ ಮುಂದೆ, ನಮ್ಮದೇ ಗೈಡ್ ಎದುರಿಗೆ, ನಮ್ಮ ನಾಲ್ವರ ಹೆಸರು ಅಂಟಿಸಿದ್ದ ಬೋರ್ಡಿನ ಬಗ್ಗೆ ಒಂದು ಪ್ರಶ್ನೆಗೂ ಉತ್ತರ ಹೇಳಲಾಗದೆ ತಲೆ ತಗ್ಗಿಸಿ ನಿಂತದ್ದನ್ನು ನುಂಗಿಕೊಳ್ಳಲು ನನ್ನಿಂದ ಆಗುತ್ತಿಲ್ಲ.

ನಮ್ಮ ಪ್ರಾಜೆಕ್ಟ್ 24 ವೋಲ್ಟನ್ನು 12 ವೋಲ್ಟಿಗೆ ಇಳಿಸುವ ಬಕ್ ಕನ್ವರ್ಟರ್. ಹೊರೆ ಬದಲಾದರೂ ಔಟ್‌ಪುಟ್ 12ರಲ್ಲೇ ನಿಲ್ಲುವಂತೆ ಆರ್ಡುಯಿನೊ (ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ನಿಯಂತ್ರಕ ಬೋರ್ಡ್) ಮೂಲಕ ಡ್ಯೂಟಿ ಸೈಕಲ್, ಅಂದರೆ ಪ್ರತಿ ಆವರ್ತದಲ್ಲಿ ಸ್ವಿಚ್ ಆನ್ ಇರುವ ಪಾಲನ್ನು, ಸರಿಪಡಿಸುತ್ತಿರಬೇಕು. ಮೊದಲು ನಾವೇ ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿದೆವು. ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಸರಿಯಾಗಿ ಆನ್ ಆಗುತ್ತಿರಲಿಲ್ಲ, ಕೈ ಸುಡುವಷ್ಟು ಬಿಸಿಯಾಗುತ್ತಿತ್ತು. ಮೂರು ಮಾಸ್‌ಫೆಟ್‌ಗಳು ಹಾಳಾದವು. ಐಆರ್‌ಎಫ್ 540ಎನ್ ಎಂಬ ಆ ಮಾಸ್‌ಫೆಟ್ ಪೂರ್ತಿ ತೆರೆದುಕೊಳ್ಳಬೇಕಾದರೆ ಅದರ ನಿಯಂತ್ರಣದ ಕಾಲಾದ ಗೇಟ್‌ನಲ್ಲಿ, ಕರೆಂಟ್ ಹೊರಬರುವ ಕಾಲಾದ ಸೋರ್ಸ್‌ಗಿಂತ ಸುಮಾರು 10 ವೋಲ್ಟ್ ಹೆಚ್ಚಿರಬೇಕು, ಮೇಲ್ಬದಿಯಲ್ಲಿ, ಅಂದರೆ ಸಪ್ಲೈ ಮತ್ತು ಹೊರೆಯ ನಡುವೆ, ಕೂಡಿಸಿದಾಗ ಸೋರ್ಸ್ ತಾನೇ 24 ವೋಲ್ಟಿನವರೆಗೆ ಏರುತ್ತದೆ, ಹೀಗಾಗಿ ಆರ್ಡುಯಿನೊದ 5 ವೋಲ್ಟಿನ ಪಿನ್ನಿನಿಂದ ಅದನ್ನು ನೇರವಾಗಿ ಓಡಿಸಲು ಸಾಧ್ಯವೇ ಇಲ್ಲ ಎಂಬುದು ನಮಗೆ ಆಗ ತಿಳಿದಿರಲಿಲ್ಲ. ಗೈಡ್ ಹತ್ತಿರ ಹೋಗಿ ಕೇಳಿದ್ದರೆ ಹತ್ತು ನಿಮಿಷದಲ್ಲಿ ಹೇಳುತ್ತಿದ್ದರು. ಕೇಳಲಿಲ್ಲ. ಸಲ್ಲಿಕೆಗೆ ಮೂರು ವಾರ ಉಳಿದಿತ್ತು, ಹೆದರಿದೆವು, ಯಾರೋ ಕೊಟ್ಟ ಸಂಖ್ಯೆಗೆ ಕರೆ ಮಾಡಿದೆವು. ಇದು ನಮ್ಮ ತಪ್ಪು, ಇದನ್ನು ಮುಚ್ಚಿಡುವುದಿಲ್ಲ.

ವ್ಯವಹಾರ ಎಲ್ಲರಿಗೂ ಗೊತ್ತಿರುವ ರೀತಿಯದೇ: ಅರ್ಧ ಮುಂಗಡ, ಉಳಿದರ್ಧ ಡೆಮೊ ತೋರಿಸಿದ ಮೇಲೆ, ಜೊತೆಗೆ ವರದಿ ಮತ್ತು ಸ್ಲೈಡುಗಳು. ಆ ವ್ಯಕ್ತಿ ಬೋರ್ಡಿನ ಜೊತೆ ತನ್ನದೇ ಅಡಾಪ್ಟರ್ ತಂದಿದ್ದ. ಔಟ್‌ಪುಟ್ಟಿಗೆ ಒಂದು ಪುಟ್ಟ ಎಲ್‌ಇಡಿ ಪಟ್ಟಿ ಜೋಡಿಸಿದ. ಅದು ಎಳೆಯುತ್ತಿದ್ದದ್ದು 0.1 ಆಂಪಿಯರ್ ಆಸುಪಾಸು. ಎಲ್‌ಸಿಡಿಯಲ್ಲಿ 12.00 ಎಂದು ಬಂತು. ನಮ್ಮ ಮಲ್ಟಿಮೀಟರ್ ಇಟ್ಟು ನೋಡಿದೆವು, ಅಲ್ಲಿಯೂ 12. ಮೂರು ವಾರದ ಆತಂಕ ಇಳಿದಂತಾಗಿ, ಹೆಚ್ಚೇನೂ ಕೇಳದೆ ಉಳಿದ ಹಣ ಕೊಟ್ಟುಬಿಟ್ಟೆವು. ಪ್ರೋಗ್ರಾಮಿನ ಮೂಲ ಕಡತ ಕೇಳಿದಾಗ ಆತ ಓದಿ ಅರ್ಥಮಾಡಿಕೊಳ್ಳಲಾಗದ, ಚಿಪ್ಪಿಗೆ ಹಾಕುವ ಹೆಕ್ಸ್ ಕಡತವನ್ನಷ್ಟೇ ಕಳುಹಿಸಿ, "ಅದನ್ನೆಲ್ಲ ಯಾರೂ ಕೇಳಲ್ಲ ಸರ್, ಡಿಸ್‌ಪ್ಲೇ ನೋಡ್ತಾರೆ, ಸೈನ್ ಹಾಕ್ತಾರೆ" ಎಂದ. ಆ ಮಾತಿಗೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ವೈವಾ ದಿನ ಪರೀಕ್ಷಕರು ಆತನ ಅಡಾಪ್ಟರನ್ನು ಪಕ್ಕಕ್ಕಿಟ್ಟು, ಬೋರ್ಡನ್ನು ಲ್ಯಾಬಿನ ಪವರ್ ಸಪ್ಲೈಗೆ ಕೂಡಿಸಲು ಹೇಳಿದರು. ಔಟ್‌ಪುಟ್ಟಿಗೆ ಪ್ರತಿರೋಧ ಬದಲಿಸಬಹುದಾದ ರಿಯೋಸ್ಟಾಟನ್ನು ಹೊರೆಯಾಗಿ ಹಾಕಿಸಿದರು. 120 ಓಮ್‌ನಲ್ಲಿ ಎಲ್ಲವೂ ಸರಿಯಾಗಿತ್ತು. ಅವರೇ ಕೈ ಹಾಕಿ ಅದನ್ನು ನಿಧಾನವಾಗಿ 12 ಓಮ್‌ಗೆ ತಂದರು, ಎಂದರೆ ಹೊರೆ 1 ಆಂಪಿಯರ್ ಆಯಿತು. ಆಗ ಅವರು ನಮ್ಮ ಬೋರ್ಡಿನ ಕಡೆ ನೋಡಲೇ ಇಲ್ಲ, ಪವರ್ ಸಪ್ಲೈನ ಪರದೆ ನೋಡಿದರು.

"ಒಳಗೆ ಹೋಗ್ತಿರೋ ಕರೆಂಟ್ ಎಷ್ಟಿದೆ, ಓದಪ್ಪ" ಎಂದರು.

ನಾನು ಓದಿದೆ: 1.06 ಆಂಪಿಯರ್.

"ಹೊರಗೆ ಬರ್ತಿರೋದು?"

"1 ಆಂಪಿಯರ್, ಸರ್."

"24 ವೋಲ್ಟಿನಲ್ಲಿ ಒಂದು ಆಂಪಿಯರ್ ಒಳಗೆ ಹೋಗಿ, 12 ವೋಲ್ಟಿನಲ್ಲಿ ಒಂದು ಆಂಪಿಯರ್ ಹೊರಗೆ ಬರ್ತಿದೆ. ಉಳಿದ 12 ವ್ಯಾಟ್ ಎಲ್ಲಿಗೆ ಹೋಯ್ತು?"

ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ, ಅವರ ಪ್ರಶ್ನೆ ಮುಗಿಯುವುದಕ್ಕೂ ಮೊದಲೇ. ನಿಜವಾದ ಬಕ್ ಕನ್ವರ್ಟರಿನಲ್ಲಿ ವೋಲ್ಟೇಜ್ ಅರ್ಧಕ್ಕೆ ಇಳಿದರೆ ಒಳಬರುವ ವಿದ್ಯುತ್ ಪ್ರವಾಹ ಹೊರಹೋಗುವುದರ ಸರಿಸುಮಾರು ಅರ್ಧದಷ್ಟಿರಬೇಕು. ನಮ್ಮ ವರದಿಯಲ್ಲಿ ದಕ್ಷತೆ ಶೇಕಡಾ 92 ಎಂದು ಬರೆದಿತ್ತು. ಆ ಲೆಕ್ಕದಲ್ಲಿ ಅಲ್ಲಿ 0.54 ಆಂಪಿಯರ್ ಕಾಣಬೇಕಿತ್ತು. ಕಾಣುತ್ತಿದ್ದದ್ದು 1.06. ಎರಡನೇ ವರ್ಷದ ಲ್ಯಾಬಿನಲ್ಲಿ ನಾನೇ ಕೈಯಾರೆ ಬರೆದುಕೊಂಡಿದ್ದ ವಿಷಯವಿದು, ಅದನ್ನು ನಾನೇ ನೋಡದೆ ಹಣ ಎಣಿಸಿ ಕೊಟ್ಟಿದ್ದೆ.

ಒಂದು ನಿಮಿಷವೂ ಕಳೆದಿರಲಿಲ್ಲ, ಬಿಸಿಯ ವಾಸನೆ ಬಂತು. ಮಲ್ಟಿಮೀಟರಿನಲ್ಲಿ 12 ಇದ್ದದ್ದು 9ಕ್ಕೆ ಇಳಿಯಿತು, ಆಮೇಲೆ 7. ಎಲ್‌ಸಿಡಿಯಲ್ಲಿ ಮಾತ್ರ 12.00. ಪರೀಕ್ಷಕರು ಔಟ್‌ಪುಟ್ಟನ್ನು ಅಳೆಯಬೇಕಾದ ತಂತಿಯನ್ನು ಆರ್ಡುಯಿನೊದಿಂದ ಕಿತ್ತು ಹಿಡಿದುಕೊಂಡರು. ಆಗಲೂ 12.00. ಅದು ಅಳತೆಯೇ ಆಗಿರಲಿಲ್ಲ, ಪ್ರೋಗ್ರಾಮಿನಲ್ಲಿ ಬರೆದಿಟ್ಟ ಅಕ್ಷರಗಳಾಗಿದ್ದವು. ಗೇಟ್‌ಗೆ ಆಸಿಲೋಸ್ಕೋಪ್ ಹಿಡಿದರೆ ಅಲೆಯ ಅವಧಿ 2 ಮಿಲಿಸೆಕೆಂಡ್. ವರದಿಯಲ್ಲಿ ಇದ್ದದ್ದು 50 ಕಿಲೋಹರ್ಟ್ಸ್, ಅಂದರೆ 20 ಮೈಕ್ರೋಸೆಕೆಂಡ್. ಆರ್ಡುಯಿನೊ ಉನೊದಲ್ಲಿ ಏನನ್ನೂ ಬದಲಿಸದೆ 9ನೇ ಪಿನ್ನಿನಿಂದ ಪಿಡಬ್ಲ್ಯೂಎಂ (ವೇಗವಾಗಿ ಆನ್-ಆಫ್ ಆಗುವ ಸಂಕೇತ) ತೆಗೆದರೆ ಬರುವುದು 490 ಹರ್ಟ್ಸ್, ಅಂದರೆ ಸುಮಾರು ಅದೇ 2 ಮಿಲಿಸೆಕೆಂಡ್. ಆತ ಅಷ್ಟನ್ನೂ ಬದಲಿಸುವ ಗೋಜಿಗೆ ಹೋಗಿರಲಿಲ್ಲ.

ಕೊನೆಗೆ ನಮ್ಮ ಗೈಡ್ ಬಿಸಿ ಹೊರಹಾಕುವ ಲೋಹದ ತಟ್ಟೆಯ, ಅಂದರೆ ಹೀಟ್ ಸಿಂಕಿನ, ತಿರುಪು ಬಿಚ್ಚಿದರು. ಅದರ ಹಿಂದೆ, ಹೆಚ್ಚುವರಿ ವೋಲ್ಟೇಜನ್ನು ಬಿಸಿಯಾಗಿ ಕಳೆದು 12 ವೋಲ್ಟ್ ಕೊಡುವ ಮೂರು ಕಾಲಿನ 7812 ರೆಗ್ಯುಲೇಟರ್ ಕೂತಿತ್ತು, ಮೇಲಿನ ಸಂಖ್ಯೆಯನ್ನು ಉಜ್ಜಿ ಅಳಿಸಲು ನೋಡಿದ್ದರೂ ಬೆಳಕಿಗೆ ಓರೆಯಾಗಿ ಹಿಡಿದಾಗ ಓದಲು ಬರುತ್ತಿತ್ತು. ಔಟ್‌ಪುಟ್ಟಿನ 12 ವೋಲ್ಟ್ ಬರುತ್ತಿದ್ದದ್ದು ಅದರಿಂದ. ಮಾಸ್‌ಫೆಟ್, ಇಂಡಕ್ಟರ್, ಡಯೋಡ್ ಎಲ್ಲವನ್ನೂ ನೋಟಕ್ಕೆಂದು ಬೆಸುಗೆ ಹಾಕಿದ್ದರು, ಇಂಡಕ್ಟರಿನ ಒಂದು ತುದಿ ಎಲ್ಲಿಗೂ ಸೇರಿರಲಿಲ್ಲ. 0.1 ಆಂಪಿಯರಿನ ಎಲ್‌ಇಡಿ ಪಟ್ಟಿಗೆ ಆ ರೆಗ್ಯುಲೇಟರಿನಲ್ಲಿ ಹುಟ್ಟುವ ಬಿಸಿ 1.2 ವ್ಯಾಟ್, ಯಾರಿಗೂ ಗೊತ್ತಾಗುವುದಿಲ್ಲ. 1 ಆಂಪಿಯರಿಗೆ 12 ವ್ಯಾಟ್, ಅಷ್ಟು ಚಿಕ್ಕ ಹೀಟ್ ಸಿಂಕ್ ತಡೆಯುವುದಿಲ್ಲ. ಅತಿಯಾಗಿ ಕಾದಾಗ ತನ್ನನ್ನು ತಾನು ಉಳಿಸಿಕೊಳ್ಳಲು 7812 ಔಟ್‌ಪುಟ್ ಇಳಿಸುತ್ತದೆ. ಆತ ಡೆಮೊಗೆ ಎಲ್‌ಇಡಿ ಪಟ್ಟಿಯನ್ನೇ ತಂದದ್ದು, ಮೀಟರ್ ಇಲ್ಲದ ಸ್ವಂತ ಅಡಾಪ್ಟರ್ ತಂದದ್ದು ಏಕೆಂದು ಆಗ ತಿಳಿಯಿತು. ಗೊತ್ತಿದ್ದೇ ಮಾಡಿದ್ದ. ಇದು ಕೈತಪ್ಪಿ ಆದದ್ದಲ್ಲ, ಗೊತ್ತಿದ್ದೇ ಮಾಡಿದ್ದ.

ಅದೇ ಸಂಜೆ ಕರೆ ಮಾಡಿದೆವು. ಮೊದಲ ಉತ್ತರ: "ಕೊಟ್ಟಾಗ ಓಡ್ತಿತ್ತಲ್ಲ ಸರ್, ನೀವೇ ನೋಡಿದ್ರಿ." 7812 ಸಿಕ್ಕಿದ್ದನ್ನು ಹೇಳಿದಾಗ, "ಅದು ಸೇಫ್ಟಿಗೆ ಹಾಕಿರೋದು" ಎಂದ. ಇಂಡಕ್ಟರ್ ಏಕೆ ಕೂಡಿಸಿಲ್ಲ ಎಂದು ಕೇಳಿದರೆ, "ನೀವು ಬಿಚ್ಚಿದ್ದೀರಿ, ಬಿಚ್ಚಿದ ಮೇಲೆ ನಾನು ಜವಾಬ್ದಾರ ಅಲ್ಲ" ಎಂದ. ಹಣ ವಾಪಸ್ ಕೇಳಿದಾಗ ಬಂದ ಸಂದೇಶವನ್ನು ಇಲ್ಲಿ ಇದ್ದಂತೆಯೇ ಬರೆಯುತ್ತಿದ್ದೇನೆ: "ಕಾಲೇಜಿಗೆ ಹೇಳ್ತೀರಾ? ಹೇಳಿ. ದುಡ್ಡು ಕೊಟ್ಟು ಮಾಡಿಸಿದ್ದು ಅಂತ ನೀವೇ ಒಪ್ಪಿಕೊಂಡ ಹಾಗಾಗುತ್ತೆ." ನಮ್ಮ ನಾಚಿಕೆಯೇ ಆತನಿಗೆ ರಕ್ಷಣೆ. ಇಂಥವರು ವರ್ಷಗಟ್ಟಲೆ ನಡೆಸಿಕೊಂಡು ಹೋಗುವುದು ಅದರ ಬಲದಿಂದಲೇ, ಮತ್ತು ನಾನು ನಾಚಿಕೆ ಬಿಟ್ಟು ಇದನ್ನು ಬರೆಯುತ್ತಿರುವುದು ಆ ಸಂದೇಶ ಓದಿದ ಮೇಲೆ.

ನಮಗೆ ಪ್ರಾಜೆಕ್ಟಿನಲ್ಲಿ ಮರುಪರೀಕ್ಷೆ ಬಂದಿದೆ. ಗೈಡ್ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ನಮ್ಮ ಹಳೆಯ ಬ್ರೆಡ್‌ಬೋರ್ಡ್ ತರಿಸಿ ನೋಡಿ, ಸುಟ್ಟ ಮಾಸ್‌ಫೆಟ್‌ಗಳ ಅಳತೆಗಳನ್ನು ಬರೆದಿಟ್ಟಿದ್ದ ಪುಟ ಓದಿ, ಇದನ್ನೇ ತಂದಿದ್ದರೆ ಪಾಸ್ ಮಾಡುತ್ತಿದ್ದೆ ಎಂದರು. ಗೇಟ್‌ಗೆ ಬೇಕಾದ ವೋಲ್ಟೇಜ್ ಒದಗಿಸುವ ಐಆರ್ 2110 ಗೇಟ್ ಡ್ರೈವರ್ ಸೇರಿಸಲು ಹೇಳಿಕೊಟ್ಟರು, ಈಗ ಅದರ ಮೇಲೆ ಕೆಲಸ ನಡೆದಿದೆ.

ಇಂಥ ಕಿಟ್ ಕೊಳ್ಳಲೇಬೇಡಿ ಎಂಬುದು ನನ್ನ ಮಾತು. ಕೇಳದಿದ್ದರೆ, ಕೊನೆಯ ಪಕ್ಷ ಲ್ಯಾಬಿನ ಪವರ್ ಸಪ್ಲೈಗೆ ಕೂಡಿಸಿ, ವರದಿಯಲ್ಲಿ ಬರೆದಿರುವಷ್ಟೂ ಹೊರೆ ಹಾಕಿ, ಒಳಗಿನ ಮತ್ತು ಹೊರಗಿನ ವಿದ್ಯುತ್ ಪ್ರವಾಹ ಎರಡನ್ನೂ ಓದುವ ತನಕ ಉಳಿದ ಹಣ ಕೊಡಬೇಡಿ. ಮೂಲ ಕಡತ ಕೊಡದವನ ಜೊತೆ ಮಾತನ್ನೇ ಮುಂದುವರಿಸಬೇಡಿ. ಇದೇ ಬೋರ್ಡನ್ನು ಬೇರೆ ತಂಡಗಳಿಗೂ ಕೊಟ್ಟಿದ್ದೇನೆ, ಯಾರೂ ತಕರಾರು ಮಾಡಿಲ್ಲ ಎಂದು ಆತನೇ ಹೇಳಿದ್ದಾನೆ. ಆ ತಂಡಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ವೈವಾ ಇನ್ನೂ ಆಗಿಲ್ಲದಿದ್ದರೆ, ಇಂದೇ ಹೀಟ್ ಸಿಂಕಿನ ತಿರುಪು ಬಿಚ್ಚಿ ನೋಡಿ, ನಾಳೆ ಬೆಳಿಗ್ಗೆಯೇ ನಿಮ್ಮ ಗೈಡ್ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಿ.